ಕಿರಣದ ಮಾತ್ರೆ

ಕಳೆದ ವರ್ಷ ಬಂಧುವೊಬ್ಬರ ನಿಮಿತ್ತವಾಗಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೆಲವು ವಾರ ಕಾದು ಕುಳಿತುಕೊಳ್ಳಬೇಕಾದ ಪ್ರಸಂಗ ನನಗೆ ಒದಗಿತ್ತು. ಪಕ್ಕದ ಬೆಂಚಿನ ಮೇಲೆ ಮಂಡ್ಯದ ಕಡೆಯ ವೃದ್ಧ ರೈತರೊಬ್ಬರು ಪ್ರತಿದಿನವೂ ಬಂದು ಕೂಡುತ್ತಿದ್ದರು. ಅವರ ಪತ್ನಿಗೆ ಬಾಯಿಯ ಕ್ಯಾನ್ಸರು, ಕಿರಣಚಿಕಿತ್ಸೆ ನಡೆಯುತ್ತಿತ್ತು. ನಮ್ಮ ಜನ ಈ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎಂದು ತಾವೇ ಒಂದು ಹೆಸರನ್ನಿಟ್ಟುಕೊಂಡಿದ್ದಾರೆ. ಒಂದು ದಿನ ಆ ಯಜಮಾನರು ನನ್ನನ್ನು ಕೇಳಿದರು: “ಮೂವತ್ತು ಸಲ ಬರಬೇಕು ಅಂತಾರೆ ಸ್ವಾಮಿ. ಒಳಕ್ಕೆ ಹೋಗಿ ಬರೋದು ಹತ್ತು ನಿಮಿಷ. ದಿನಾ ಇಷ್ಟಿಷ್ಟೇ ಕೊಡೋ ಬದಲು ಎಲ್ಲಾನೂ ಒಂದೇ ದಪ ಕೊಟ್ಟು ಕಳಿಸಬಾರದಾ? ಊರಲ್ಲಿ ಕಬ್ಬು ಕಡಿಯೋಕೆ ಬಂದದೆ.”

ಓದಿದವನೆಂಬ ಹಮ್ಮಿನಿಂದ ನಾನು ತಟ್ಟನೆ ಹೇಳಿದೆ: “ಯಜಮಾನರೆ, ಗದ್ದೆಗೆ ಬೇಕಾದ ನೀರನ್ನೆಲ್ಲ ಒಂದೇ ದಿನ ಕಟ್ಟುತ್ತೀರೇನು?” ಅವರು ನಕ್ಕರು. “ಅದು ಪೈರು ಬೆಳೆಸೋಕೆ ಸ್ವಾಮಿ. ಇದು ಕಳೆ ಸುಡೋಕಲ್ಲವಾ?”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆಯಿಂದ ಮೊದಲ್ಗೊಂಡು ಕೆಲವು ರಾತ್ರಿಗಳು ಪುಸ್ತಕಗಳನ್ನು ತಿರುವಿ ನೋಡಲಾಗಿ ನನಗೆ ತಿಳಿದುಬಂದುದೇನೆಂದರೆ, ಆ ರೈತರು ಕೇಳಿದ ಪ್ರಶ್ನೆಯನ್ನೇ ಯೂರೋಪಿನ ವೈದ್ಯಪಂಡಿತರು ಒಂದು ಕಾಲದಲ್ಲಿ ಬಹು ಬಿರುಸಾಗಿ ಚರ್ಚಿಸಿದ್ದರೆಂಬುದು. ಅವರಲ್ಲಿ ಒಂದು ಪಕ್ಷದವರು ಈ ರೈತರ ಅಭಿಪ್ರಾಯದವರೇ ಆಗಿದ್ದರು. ಆ ಚರ್ಚೆ ಹೇಗೆ ಹುಟ್ಟಿತು, ಹೇಗೆ ತೀರ್ಮಾನವಾಯಿತು ಎಂಬ ಕಥೆಯನ್ನು ಶ್ರೋತೃಗಳ ಮುಂದೆ ಇಡಬೇಕೆಂದು ನನ್ನ ಆಸೆ.

ರೋಗವು ಹೊಸದಲ್ಲ. ಗ್ರೀಕ್ ವೈದ್ಯರು ಇದನ್ನು ಏಡಿಯ ಹೆಸರಿನಿಂದ ಕರೆದರು. ಕ್ಯಾನ್ಸರೆಂಬ ಲ್ಯಾಟಿನ್ ಮಾತಿಗೂ ಏಡಿಯೆಂದೇ ಅರ್ಥ. ನಮ್ಮ ಸುಶ್ರುತ ಸಂಹಿತೆಯಲ್ಲಿ ಅರ್ಬುದವೆಂಬ ಹೆಸರಿನಿಂದ ಇಂಥ ಗಂತಿಗಳ ವರ್ಣನೆಯಿದೆ. ಶೇಷವುಳಿದ ಅರ್ಬುದವು ಮರಳಿ ಬೆಳೆಯುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಈ ಎಚ್ಚರಿಕೆಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ನಮ್ಮ ಕಥೆಗೆ ಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವೈದ್ಯರ ಕೈಯಲ್ಲಿ ಈ ರೋಗಕ್ಕೆ ನಂಬತಕ್ಕ ಸಾಧನವೆಂದರೆ ಶಸ್ತ್ರ. ಶಸ್ತ್ರವು ತಲುಪಲಾರದ ಕಡೆ ರೋಗಿಯನ್ನು ದೇವರಿಗೆ ಒಪ್ಪಿಸುತ್ತಿದ್ದರು.

೧೮೯೫ನೆಯ ಇಸವಿ ನವೆಂಬರ್ ೮ನೆಯ ತಾರೀಖು ಜರ್ಮನಿಯ ವೂರ್ಟ್ಸ್‌ಬುರ್ಗ್ ಪಟ್ಟಣದ ಪ್ರೊಫೆಸರ್ ವಿಲ್ಹೆಲ್ಮ್ ರಂಟ್‌ಗೆನ್ನರು ತಮ್ಮ ಪ್ರಯೋಗಶಾಲೆಯನ್ನು ಕತ್ತಲುಮಾಡಿಕೊಂಡು, ಗಾಳಿಯನ್ನು ತೆಗೆದ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ತನ್ನು ಹರಿಸುತ್ತಿದ್ದರು. ಕೊಳವೆಗೆ ಕಪ್ಪು ರಟ್ಟಿನ ಹೊದಿಕೆಯಿದ್ದಿತು. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸಯನೈಡೆಂಬ ಲವಣವನ್ನು ಬಳಿದ ತೆರೆಯೊಂದು ಮಿಣುಮಿಣುಗಿತು. ಕಣ್ಣಿಗೆ ಕಾಣದ ಯಾವುದೋ ಕಿರಣವು ರಟ್ಟನ್ನು ತೂರಿ ಹೊರಬೀಳುತ್ತಿದ್ದಿತು. ಅದರ ಸ್ವರೂಪ ತಿಳಿಯದಿದ್ದುದರಿಂದ, ಬೀಜಗಣಿತದ ಅವ್ಯಕ್ತರಾಶಿಗೆ ಕೊಡುವ ಅಕ್ಷರವನ್ನೇ ಅದಕ್ಕೆ ಹೆಸರಾಗಿಟ್ಟರು, ನಾವು ಕ್ಷಕಿರಣವೆನ್ನುತ್ತೇವೆ. ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯ ಮೂಳೆಗಳ ಚಿತ್ರವನ್ನು ತೆಗೆದರು. ವರ್ಷಾಂತ್ಯಕ್ಕೆ ಮೊದಲೇ ವಿಷಯವನ್ನು ಪ್ರಕಟಿಸಿದರು. ಏಕಸ್ವಾಮ್ಯದ ಹಕ್ಕನ್ನು ಅವರು ಪಡೆಯಲಿಲ್ಲ. ಕೊಳವೆಯೂ ವಿದ್ಯುತ್ತೂ ಉಳ್ಳವರೆಲ್ಲರೂ ಕೆಲವೇ ವಾರಗಳಲ್ಲಿ ಈ ಕಿರಣವನ್ನು ತಯಾರಿಸತೊಡಗಿದರು.

ಮೂಳೆಯನ್ನು ತೋರಿಸುವ ಕಿರಣವು ರೋಗವನ್ನೂ ಗುಣಪಡಿಸೀತೆಂದು ಜನಕ್ಕೆ ಹೇಗೆ ಹೊಳೆಯಿತು? ಅದರ ಅಪಕಾರದಿಂದಲೇ ಹೊಳೆಯಿತು. ಬಹಳ ಹೊತ್ತು ಕೊಳವೆಯ ಮುಂದೆ ನಿಂತವರ ಚರ್ಮ ಕೆಂಪೇರಿತು, ಕೂದಲು ಉದುರಿತು. ಜೀವವುಳ್ಳ ಅಂಗದ ಮೇಲೆ ಏನನ್ನೋ ಮಾಡಬಲ್ಲ ಶಕ್ತಿ ಇದಕ್ಕಿದೆಯೆಂದು ಕೆಲವರು ಊಹಿಸಿದರು. ೧೮೯೬ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದ ವಿಕ್ಟರ್ ದೆಪೆಯ್ನ್ಯ ಎಂಬ ವೈದ್ಯರು ಹೊಟ್ಟೆಯ ಕ್ಯಾನ್ಸರಿನ ರೋಗಿಯೊಬ್ಬನಿಗೆ ಈ ಕಿರಣವನ್ನು ಪ್ರಯೋಗಿಸಿ, ವರದಿಯನ್ನು ಪ್ರಕಟಿಸಿದರು. ರೋಗಿ ಉಳಿಯಲಿಲ್ಲ. ಅಮೆರಿಕದ ಷಿಕಾಗೋ ನಗರದ ಎಮಿಲ್ ಗ್ರುಬೆ ಎಂಬಾತನು ಆ ವರ್ಷದ ಜನವರಿಯಲ್ಲಿಯೇ ಸ್ತನದ ಕ್ಯಾನ್ಸರಿಗೆ ತಾನು ಚಿಕಿತ್ಸೆ ಮಾಡಿದ್ದುದಾಗಿ ಹೇಳಿಕೊಂಡನು. ಆದರೆ ಆತನು ಅದನ್ನು ಬರೆದು ಪ್ರಕಟಿಸಿದುದು ದಶಕಗಳು ಕಳೆದಮೇಲೆ. ಗ್ರಂಥಗಳಲ್ಲಿ ಆತನಿಗೆ ಪ್ರಥಮಸ್ಥಾನವನ್ನು ಕೊಟ್ಟಿರುವುದು ಉಂಟು. ನನಗೇನೋ, ಆ ಕಾಲದಲ್ಲೇ ಬರೆದು ಒಪ್ಪಿಸಿದವನ ಸಾಕ್ಷ್ಯವೇ ಹೆಚ್ಚು ತೂಕದ್ದೆಂದು ತೋರುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ತರುಣ ವೈದ್ಯರು ಮಾಡಿದ ಚಿಕಿತ್ಸೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಐದು ವರ್ಷದ ಹೆಣ್ಣುಮಗುವೊಂದರ ಬೆನ್ನಿನ ಮೇಲೆ ಕೂದಲಿನಿಂದ ಕೂಡಿದ ದೊಡ್ಡ ಮಚ್ಚೆಯಿದ್ದಿತು. ಅದು ಕ್ಯಾನ್ಸರಲ್ಲ, ಕೂದಲನ್ನು ಉದುರಿಸುವುದಷ್ಟೇ ವೈದ್ಯರ ಉದ್ದೇಶ. ದಿನಕ್ಕೆ ಎರಡು ಗಂಟೆಯಂತೆ ಹಲವು ದಿನ ಕಿರಣವನ್ನು ಹಾಯಿಸಿದರು. ಅವರ ಯಂತ್ರ ದುರ್ಬಲವಾಗಿದ್ದುದರಿಂದ ಹೀಗೆ ದಿನದಿನವೂ ಕೊಡದೆ ಗತ್ಯಂತರವಿರಲಿಲ್ಲ. ಕೂದಲು ಉದುರಿತು. ಆದರೆ ಬೆನ್ನಿನ ಕೆಳಭಾಗದಲ್ಲಿ ಆಳವಾದ ಹುಣ್ಣಾಗಿ, ಬಹುಕಾಲ ಮಾಯಲಿಲ್ಲ. ಆ ಮಗು ಬದುಕಿ, ಬೆಳೆದು, ವೃದ್ಧಾಪ್ಯವನ್ನು ಕಂಡಿತು. ಬೆನ್ನಿನ ಕಲೆಯೂ ಕೊನೆಯವರೆಗೆ ಉಳಿಯಿತು. ೧೮೯೯ರಲ್ಲಿ ಸ್ಟಾಕ್‌ಹೋಮಿನ ಸ್ಟೆನ್‌ಬೆಕ್ ಮತ್ತು ಷೋಗ್ರೆನ್ ಎಂಬ ವೈದ್ಯರು ಚರ್ಮದ ಕ್ಯಾನ್ಸರನ್ನು ಕ್ಷಕಿರಣದಿಂದ ವಾಸಿಮಾಡಿದುದನ್ನು ವರದಿ ಮಾಡಿದರು. ಅಲ್ಲಿಯೂ ಹಲವು ಸಲ ಸ್ವಲ್ಪಸ್ವಲ್ಪವಾಗಿ ಕೊಟ್ಟ ಚಿಕಿತ್ಸೆಯೇ.

ಆ ದಿನಗಳ ಕಿರಣವೈದ್ಯರಿಗೆ ಒಂದು ಅಭ್ಯಾಸವಿದ್ದಿತು. ಕೊಳವೆ ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ತಿಳಿಯಲು ಪ್ರತಿ ಸಲವೂ ತಮ್ಮ ಕೈಯನ್ನೇ ಅದರ ಮುಂದೆ ಹಿಡಿದು, ತೆರೆಯ ಮೇಲೆ ಮೂಳೆಯ ನೆರಳು ಎಷ್ಟು ಸ್ಪಷ್ಟವಾಗಿ ಬೀಳುವುದೆಂದು ನೋಡುತ್ತಿದ್ದರು. ಅಡಿಗೆಯವನು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡುವ ಹಾಗೆ. ಕೈ ಒಂದೇ ದಿನ ಸುಡಲಿಲ್ಲ, ಅದೇ ಮೋಸವಾಯಿತು. ವರ್ಷಗಳು ಕಳೆದಮೇಲೆ ಚರ್ಮ ಒಣಗಿ ಬಿರಿಯಿತು, ಹುಣ್ಣಾಯಿತು, ಕೊನೆಗೆ ಆ ಹುಣ್ಣೇ ಕ್ಯಾನ್ಸರಾಗಿ ತಿರುಗಿತು. ಎಡಿಸನ್ನರ ಸಹಾಯಕರಾಗಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬುವರು ಎರಡು ತೋಳುಗಳನ್ನೂ ಕತ್ತರಿಸಿಕೊಂಡು ೧೯೦೪ರಲ್ಲಿ ತೀರಿಕೊಂಡರು. ಎಡಿಸನ್ನರು ಆ ಕಿರಣದ ಸಹವಾಸವನ್ನೇ ಬಿಟ್ಟುಬಿಟ್ಟರು. ಜರ್ಮನಿಯ ಹ್ಯಾಂಬುರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ೧೯೩೬ರಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. ಕ್ಷಕಿರಣ ಮತ್ತು ರೇಡಿಯಂಗಳಿಂದ ಮಡಿದ ವೈದ್ಯರು, ವಿಜ್ಞಾನಿಗಳು, ದಾದಿಯರು ಮುಂತಾದ ೧೬೯ ಮಂದಿಯ ಹೆಸರುಗಳನ್ನು ಅದರ ಮೇಲೆ ಕೆತ್ತಲಾಯಿತು. ಮುಂದೆ ಆ ಪಟ್ಟಿ ಇಮ್ಮಡಿಯನ್ನೂ ಮೀರಿ ಬೆಳೆಯಿತು.

ಇಷ್ಟರಲ್ಲಿ ರೇಡಿಯಂ ಬಂದಿತ್ತು. ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ೧೮೯೮ರ ಡಿಸೆಂಬರಿನಲ್ಲಿ ಈ ಧಾತುವಿನ ಇರವನ್ನು ಪ್ರಕಟಿಸಿ, ಪಿಚ್‌ಬ್ಲೆಂಡ್ ಎಂಬ ಅದುರಿನ ರಾಶಿಗಳನ್ನು ಕುದಿಸಿ ಸೋಸಿ, ೧೯೦೨ರ ಹೊತ್ತಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ರೇಡಿಯಂ ಲವಣವನ್ನು ಪಡೆದರು. ಆ ಷೆಡ್ಡಿನ ಕಥೆ ಶ್ರೋತೃಗಳಿಗೆ ತಿಳಿದುದೇ ಆಗಿರುವುದರಿಂದ ನಾನು ಅದನ್ನು ವಿಸ್ತರಿಸುವುದಿಲ್ಲ. ಇಲ್ಲಿಯೂ ಚಿಕಿತ್ಸೆಯ ಬಾಗಿಲನ್ನು ತೆರೆದುದು ಒಂದು ಸುಟ್ಟ ಗಾಯ. ಪ್ರೊಫೆಸರ್ ಬೆಕೆರೆಲ್ ಅವರು ರೇಡಿಯಮ್ಮಿನ ಒಂದು ನಳಿಕೆಯನ್ನು ವೇಸ್ಟ್‌ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಕೆಲವು ದಿನಗಳಾದಮೇಲೆ ಅದರ ನೇರಕ್ಕೆ ಮೈಮೇಲೆ ಹುಣ್ಣು ಕಾಣಿಸಿತು. ಪಿಯರ್ ಕ್ಯೂರಿ ಬೇಕೆಂದೇ ತಮ್ಮ ತೋಳಿಗೆ ರೇಡಿಯಂ ಕಟ್ಟಿಕೊಂಡು, ಎದ್ದ ಗಾಯ ವಾರದಿಂದ ವಾರಕ್ಕೆ ಹೇಗೆ ಬದಲಾಯಿಸಿತೆಂದು ಬರೆದಿಟ್ಟರು. ೧೯೦೧ರಲ್ಲಿ ಇಬ್ಬರೂ ಕೂಡಿ ಇದನ್ನು ಪ್ರಕಟಿಸಿದರು. ಪ್ಯಾರಿಸ್ಸಿನ ವೈದ್ಯರು ರೇಡಿಯಂ ಎರವಲು ಪಡೆದು ಚರ್ಮರೋಗಗಳ ಮೇಲೆ ಪ್ರಯೋಗಿಸಿದರು. ೧೯೦೩ರಲ್ಲಿ, ಟೆಲಿಫೋನನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ವೈದ್ಯಮಿತ್ರರಿಗೆ ಬರೆದ ಕಾಗದವೊಂದರಲ್ಲಿ, ರೇಡಿಯಮ್ಮಿನ ಚೂರನ್ನು ಸಣ್ಣ ಗಾಜಿನ ನಳಿಕೆಯಲ್ಲಿಟ್ಟು ಗಂತಿಯ ಗರ್ಭಕ್ಕೇ ಸೇರಿಸಬಾರದೇಕೆ ಎಂದು ಕೇಳಿದರು. ಸೂಜಿಗಳಲ್ಲಿ ರೇಡಿಯಂ ತುಂಬಿ ಗಂತಿಯೊಳಕ್ಕೆ ಚುಚ್ಚುವ ವಿಧಾನ ಮುಂದೆ ಬಳಕೆಗೆ ಬಂದಿತು. ಇಂದು ರೇಡಿಯಮ್ಮಿನ ಸ್ಥಾನದಲ್ಲಿ ಬೇರೆ ಧಾತುಗಳಿವೆ. ವಿಧಾನ ಮಾತ್ರ, ಮುಖ್ಯವಾಗಿ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ, ಇಂದಿಗೂ ನಡೆದಿದೆ.

ರೇಡಿಯಮ್ಮಿನ ಬೆಲೆಯನ್ನು ಕೇಳಿದರೆ ತಲೆ ತಿರುಗುವಂತಿತ್ತು. ೧೯೨೧ರಲ್ಲಿ ಅಮೆರಿಕದ ಸ್ತ್ರೀಯರು ಚಂದಾ ಎತ್ತಿ ಮೇರಿ ಕ್ಯೂರಿಯವರಿಗೆ ಒಂದು ಗ್ರಾಂ ರೇಡಿಯಂ ಕೊಡಿಸಿದರು. ಅದಕ್ಕೆ ತಗುಲಿದ ಹಣ ಸುಮಾರು ಒಂದು ಲಕ್ಷ ಡಾಲರು. ತಾನು ಕಂಡುಹಿಡಿದು, ಹಕ್ಕು ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟ ವಸ್ತುವನ್ನು ಆ ತಾಯಿ ಚಂದಾ ಹಣದಿಂದ ಪಡೆಯಬೇಕಾಯಿತು. ಅಮೂಲ್ಯವಾದುದು ಅಮೃತವೇ ಇರಬೇಕೆಂದು ಮೂಢರು ಭಾವಿಸಿದರು. ರೇಡಿಯಂ ಬೆರೆಸಿದ ನೀರು ಶಕ್ತಿವರ್ಧಕವೆಂದು ಅಂಗಡಿಗಳಲ್ಲಿ ಮಾರಾಟವಾಯಿತು. ಅಮೆರಿಕದ ಐಶ್ವರ್ಯವಂತ ಎಬೆನ್ ಬೈಯರ್ಸ್ ಎಂಬುವನು ಅದನ್ನು ವರ್ಷಗಟ್ಟಲೆ ಕುಡಿದು, ದವಡೆಯ ಮೂಳೆಗಳು ಕೊಳೆತು ೧೯೩೨ರಲ್ಲಿ ಸತ್ತನು. ಮೇರಿ ಕ್ಯೂರಿಯವರೂ ೧೯೩೪ರಲ್ಲಿ, ರಕ್ತ ಉತ್ಪತ್ತಿಯಾಗದೆ ಹೋಗುವ ರೋಗದಿಂದಲೇ ತೀರಿಕೊಂಡರು.

ಹೀಗೆ ವಾಸಿಮಾಡುವ ಶಕ್ತಿ ಕೈಗೆ ಬಂದಿದ್ದಿತು. ಅದರ ಅಳತೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. ನಮ್ಮ ನುಡಿಯಲ್ಲಿ ಮಾತ್ರೆಯೆಂದರೆ ವೈದ್ಯನು ಕೊಡುವ ಗುಳಿಗೆ. ಛಂದಸ್ಸಿನಲ್ಲಿ ಅದೇ ಮಾತು ಉಚ್ಚಾರಣೆಯ ಕಾಲದ ಅಳತೆ. ಮೂಲದಲ್ಲಿ ಅದರ ಅರ್ಥ ಪರಿಮಾಣ. ಔಷಧಕ್ಕೂ ಅಳತೆಗೂ ಒಂದೇ ಹೆಸರಿಟ್ಟವರು ವಿವೇಕಿಗಳೇ ಸರಿ. ಕಿರಣಕ್ಕೆ ಮಾತ್ರೆಯನ್ನು ಗೊತ್ತುಮಾಡುವುದು ಹೇಗೆ? ಅದನ್ನು ತೂಗುವಂತಿಲ್ಲ, ಸುರಿದು ಅಳೆಯುವಂತಿಲ್ಲ. ಚರ್ಮ ಕೆಂಪೇರುವವರೆಗೆ ಕೊಡುವುದು ಒಂದು ಅಳತೆಯಾಯಿತು. ಆದರೆ ಕೆಂಪು ಕಾಣಿಸುವುದು ಹಲವು ದಿನಗಳ ನಂತರ. ಒಬ್ಬನ ಚರ್ಮದಂತೆ ಇನ್ನೊಬ್ಬನದಿಲ್ಲ. ೧೯೦೨ರಲ್ಲಿ ವಿಯೆನ್ನಾದ ಹೋಲ್ಟ್ಸ್‌ಕ್ನೆಕ್ಟ್ ಎಂಬುವರು ಕಿರಣ ತಾಗಿದರೆ ಬಣ್ಣ ತಿರುಗುವ ಲವಣವನ್ನು ಅಳತೆಗೆ ಬಳಸಿದರು. ಸ್ವಲ್ಪ ಕಾಲದ ಮೇಲೆ ಪ್ಯಾರಿಸ್ಸಿನ ಸಬೂರೋ ಮತ್ತು ನ್ವಾರೆ ಎಂಬುವರು, ರಂಟ್‌ಗೆನ್ನರ ತೆರೆಯ ಮೇಲಿದ್ದ ಅದೇ ಬೇರಿಯಂ ಲವಣದ ಚಿಕ್ಕ ಬಿಲ್ಲೆಗಳನ್ನು ಮಾಡಿದರು. ಹಸುರು ಬಿಲ್ಲೆ ಕಂದುಹಳದಿಗೆ ತಿರುಗಿದರೆ ತಲೆಯ ಹುಳುಕಡ್ಡಿಗೆ ಬೇಕಾದಷ್ಟು ಕಿರಣ ಬಿದ್ದಿತೆಂದು ಲೆಕ್ಕ. ಸಂಜೆಯ ಬೆಳಕಿನಲ್ಲಿ ನೋಡಿದರೆ ಒಂದು ಬಣ್ಣ, ದೀಪದಲ್ಲಿ ನೋಡಿದರೆ ಇನ್ನೊಂದು. ಆದರೂ ಕೈಯನ್ನು ಒಡ್ಡುವುದಕ್ಕಿಂತ ಮೇಲು. ಹೋಲ್ಟ್ಸ್‌ಕ್ನೆಕ್ಟರೂ ೧೯೩೧ರಲ್ಲಿ ಕಿರಣದ ಗಾಯಗಳಿಂದಲೇ ಮಡಿದರು.

೧೯೧೩ರಲ್ಲಿ ಅಮೆರಿಕದ ಕೂಲಿಡ್ಜ್ ಎಂಬ ವಿಜ್ಞಾನಿ, ಕಾದ ಟಂಗ್‌ಸ್ಟನ್ ತಂತಿಯುಳ್ಳ ಹೊಸ ಕೊಳವೆಯನ್ನು ನಿರ್ಮಿಸಿದ ಮೇಲೆ ಕಿರಣವನ್ನು ಬೇಕಾದಷ್ಟೇ ಹದವಾಗಿ ತೆಗೆಯುವುದು ಸಾಧ್ಯವಾಯಿತು. ಆಗಲೇ ನಮ್ಮ ರೈತರ ಪ್ರಶ್ನೆ ನಿಜವಾಗಿ ಎದ್ದುದು. ಯಂತ್ರ ದುರ್ಬಲವಾಗಿದ್ದಾಗ ದಿನದಿನವೂ ಕೊಡುವುದು ಅನಿವಾರ್ಯವಾಗಿದ್ದಿತು. ಈಗ ಒಂದೇ ಸಲಕ್ಕೆ ಎಲ್ಲವನ್ನೂ ಕೊಡಬಹುದಲ್ಲ! ಜರ್ಮನಿಯ ಎರ್ಲಾಂಗೆನ್ ಪಟ್ಟಣದ ಸೈಟ್ಸ್ ಮತ್ತು ವಿಂಟ್ಸ್ ಎಂಬ ಪಂಡಿತರ ಪಕ್ಷ ಇದೇ ಆಗಿದ್ದಿತು. ಬಿಡಿಬಿಡಿಯಾಗಿ ಕೊಟ್ಟರೆ ಕ್ಯಾನ್ಸರಿನ ಕಣಗಳಿಗೆ ಚೇತರಿಸಿಕೊಳ್ಳಲು ಅವಕಾಶ ಸಿಕ್ಕೀತು. ಆದ್ದರಿಂದ ಒಂದೇ ಪೆಟ್ಟಿಗೆ ಮುಗಿಸಬೇಕೆಂದು ಅವರ ವಾದ. ತರ್ಕದಲ್ಲಿ ಇದಕ್ಕೆ ಕುಂದು ಕಾಣಿಸದು. ಶತ್ರುವಿಗೆ ಬಿಡುವು ಕೊಡಬಾರದೆಂಬುದು ರಾಜನೀತಿಯೂ ಹೌದು.

ಇದಕ್ಕೆ ಉತ್ತರ ಬಂದುದು ಟಗರುಗಳಿಂದ. ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕಟ್ಟಡ ೧೯೧೪ರಲ್ಲಿ ಪೂರ್ತಿಯಾಗುವ ಹೊತ್ತಿಗೆ ಯುದ್ಧ ಸುರುವಾಯಿತು. ಯುದ್ಧ ಮುಗಿದಮೇಲೆ ಅಲ್ಲಿ ಒಂದು ಪಾರ್ಶ್ವದಲ್ಲಿ ಮೇರಿ ಕ್ಯೂರಿಯವರ ಪ್ರಯೋಗಶಾಲೆ, ಇನ್ನೊಂದರಲ್ಲಿ ಕ್ಲಾಡಿಯಸ್ ರಗೋ ಎಂಬ ವೈದ್ಯರ ಪ್ರಯೋಗಶಾಲೆ ನಡೆಯುತ್ತಿದ್ದವು. ರಗೋ ಅವರು ಟಗರಿನ ವೃಷಣಗಳ ಮೇಲೆ ಕಿರಣವನ್ನು ಹಾಯಿಸಿ ನೋಡುತ್ತಿದ್ದರು. ಬೀಜೋತ್ಪತ್ತಿಯ ಕಣಗಳು ಎಡೆಬಿಡದೆ ಒಡೆದು ಹೆಚ್ಚುತ್ತಿರುತ್ತವೆ; ಕ್ಯಾನ್ಸರಿನ ಕಣಗಳ ಸ್ವಭಾವವೂ ಅದೇ. ಅವುಗಳನ್ನು ಹೊದ್ದಿರುವ ಚರ್ಮವಾದರೋ ಗಂತಿಯ ಸುತ್ತಣ ಆರೋಗ್ಯವಂತ ಅಂಗಕ್ಕೆ ಪ್ರತಿನಿಧಿ. ಒಂದೇ ಸಲ ದೊಡ್ಡ ಮಾತ್ರೆಯನ್ನು ಕೊಟ್ಟು ಟಗರನ್ನು ಬೀಜಹೀನವನ್ನಾಗಿ ಮಾಡಲು ಹೋದರೆ ಚರ್ಮ ವಿಪರೀತವಾಗಿ ಸುಡುತ್ತಿದ್ದಿತು. ಚರ್ಮವನ್ನು ಉಳಿಸಹೋದರೆ ಬೀಜ ಉಳಿಯುತ್ತಿದ್ದಿತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಬೀಜ ನಾಶವಾಯಿತು, ಚರ್ಮ ಉಳಿಯಿತು.

ಬಿಡುವು ಶತ್ರುವಿಗೆ ಮಾತ್ರ ಸಿಕ್ಕುವುದಿಲ್ಲ. ನಮ್ಮ ಕಡೆಯವರಿಗೂ ಸಿಕ್ಕುತ್ತದೆ, ಮತ್ತು ಅದನ್ನು ಉಪಯೋಗಿಸಿಕೊಳ್ಳುವುದರಲ್ಲಿ ನಮ್ಮವರೇ ಹೆಚ್ಚು ಸಮರ್ಥರು. ರಗೋ ಅವರ ಟಗರುಗಳು ತೋರಿಸಿಕೊಟ್ಟುದು ಇಷ್ಟು. ಅದರ ಒಳಗುಟ್ಟು ಬಹಳ ಕಾಲಾನಂತರ ತಿಳಿಯಿತು. ಕಿರಣವು ಕಣವನ್ನು ಬೆಂಕಿಯ ಹಾಗೆ ಬೇಯಿಸಿ ಕೊಲ್ಲುವುದಿಲ್ಲ. ಇಡೀ ಮೈಗೆ ಬಿದ್ದರೆ ಮನುಷ್ಯನನ್ನು ಕೊಲ್ಲಬಲ್ಲಷ್ಟು ಕಿರಣವು ಮೈಯ ಕಾವನ್ನು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಏರಿಸುತ್ತದೆ! ಅದರ ಪೆಟ್ಟು ಬೀಳುವುದು ಕಣದ ತಿರುಳಿನೊಳಗೆ, ವಂಶಗುಣಗಳನ್ನು ಹೊತ್ತಿರುವ ಡಿಎನ್ಎ ಎಂಬ ಎಳೆಯ ಮೇಲೆ. ಎಳೆ ಹರಿದ ಕಣವು ಮುಂದೆ ಒಡೆದು ಎರಡಾಗುವ ಹೊತ್ತಿಗೆ ಸಾಯುತ್ತದೆ. ಆರೋಗ್ಯವಂತ ಅಂಗದ ಕಣಗಳು ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿ ಹರಿದ ಎಳೆಯನ್ನು ಬಹುಮಟ್ಟಿಗೆ ಹೊಸೆದುಕೊಳ್ಳುತ್ತವೆ; ಸಾಮಾನ್ಯವಾಗಿ ಕ್ಯಾನ್ಸರಿನ ಕಣಗಳಿಗೆ ಆ ಕುಶಲತೆ ಕಡಮೆ. ಇನ್ನೊಂದು ಕಾರಣವೂ ಉಂಟು. ರಕ್ತ ಸರಿಯಾಗಿ ತಲುಪದ ಗಂತಿಯ ಒಳಭಾಗದಲ್ಲಿ ಆಮ್ಲಜನಕ ಕಡಮೆ. ಆಮ್ಲಜನಕವಿಲ್ಲದ ಕಣವು ಕಿರಣಕ್ಕೆ ಸುಲಭವಾಗಿ ಸಾಯದು. ಹೊರಗಿನ ಕಣಗಳು ದಿನದಿನವೂ ಸತ್ತಂತೆ ಒಳಗಿನವಕ್ಕೆ ಆಮ್ಲಜನಕ ದೊರೆಯುತ್ತದೆ, ಅವು ಮರುದಿನದ ಪೆಟ್ಟಿಗೆ ಈಡಾಗುತ್ತವೆ.

ರಗೋ ಅವರ ಸಹೋದ್ಯೋಗಿ ಆನ್ರಿ ಕುತಾರ್ ಎಂಬ ವೈದ್ಯರು ಈ ತತ್ವವನ್ನು ಮನುಷ್ಯರ ಚಿಕಿತ್ಸೆಗೆ ತಂದರು. ಗಂಟಲಿನ ಕ್ಯಾನ್ಸರು, ಅದರಲ್ಲಿಯೂ ಶಸ್ತ್ರಕ್ಕೆ ನಿಲುಕದಷ್ಟು ಬೆಳೆದದ್ದು, ಆ ದಿನಗಳಲ್ಲಿ ಮರಣಶಾಸನವೇ ಆಗಿದ್ದಿತು. ಕುತಾರರು ದಿನಕ್ಕೆ ಸ್ವಲ್ಪದಂತೆ ವಾರಗಟ್ಟಲೆ ಕಿರಣವನ್ನು ಕೊಟ್ಟು, ಗಂಟಲಿನ ಒಳಪೊರೆ ಹೇಗೆ ಕೆರಳುತ್ತದೆ, ಯಾವಾಗ ಮಾಯುತ್ತದೆ ಎಂಬುದನ್ನು ನೋಡಿ ನೋಡಿ ಮುಂದುವರಿದರು. ೧೯೨೨ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವೈದ್ಯಸಮ್ಮೇಳನದಲ್ಲಿ, ಬಲಿತ ಗಂಟಲ ಕ್ಯಾನ್ಸರಿನಿಂದ ಗುಣಹೊಂದಿದ ರೋಗಿಗಳ ವಿಷಯವನ್ನು ಅವರು ತಮ್ಮ ಮಿತ್ರರೊಡನೆ ನಿರೂಪಿಸಿದರು. ಒಳಗಿರುವ ಕ್ಯಾನ್ಸರನ್ನು, ಸುತ್ತಣ ಅಂಗವನ್ನು ಹಾಳುಮಾಡದೆ, ಕಿರಣವೊಂದರಿಂದಲೇ ವಾಸಿಮಾಡಬಹುದೆಂಬುದಕ್ಕೆ ಲೋಕಕ್ಕೆ ದೊರೆತ ಬಲವಾದ ಪ್ರಮಾಣ ಇದು. ಕುತಾರರ ಪದ್ಧತಿ ಒಂದು ದಶಕದಲ್ಲಿ ಎಲ್ಲ ಕಡೆಗೂ ಹಬ್ಬಿತು; ಇಂದಿನ ಆಸ್ಪತ್ರೆಗಳ ಮೂವತ್ತು, ಮೂವತ್ತೈದು ದಿನಗಳ ಕ್ರಮ ಅದರ ಸಂತಾನವೇ.

ಬಣ್ಣದ ಬಿಲ್ಲೆಯ ಕಾಲ ಮುಗಿದುದು ೧೯೨೮ರಲ್ಲಿ. ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು, ಕಿರಣವು ಗಾಳಿಯಲ್ಲಿ ಉಂಟುಮಾಡುವ ವಿದ್ಯುತ್ಕಣಗಳ ಆಧಾರದ ಮೇಲೆ ರಂಟ್‌ಗೆನ್ ಎಂಬ ಅಳತೆಯನ್ನು ಗೊತ್ತುಮಾಡಿತು. ಕಿರಣದಿಂದ ಕೆಲಸಗಾರರನ್ನು ರಕ್ಷಿಸುವುದಕ್ಕೆ ಒಂದು ಸಮಿತಿಯೂ ಅಲ್ಲಿಯೇ ಹುಟ್ಟಿತು. ಸ್ಟಾಕ್‌ಹೋಮಿನ ವೈದ್ಯನು ಬರೆದ ಮಾತ್ರೆಯನ್ನು ಷಿಕಾಗೋದವನು ಅರ್ಥಮಾಡಿಕೊಳ್ಳುವಂತಾಯಿತು. ೧೯೩೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪ್ಯಾಟರ್‌ಸನ್ ಮತ್ತು ಪಾರ್ಕರ್ ಎಂಬುವರು ರೇಡಿಯಂ ಸೂಜಿಗಳನ್ನು ಎಲ್ಲಿ, ಎಷ್ಟು, ಯಾವ ಅಂತರದಲ್ಲಿ ಇಡಬೇಕೆಂಬುದಕ್ಕೆ ಕೋಷ್ಟಕಗಳನ್ನು ಮಾಡಿಕೊಟ್ಟರು. ಇವರಲ್ಲಿ ಮೊದಲನೆಯವರು ವೈದ್ಯರು, ಎರಡನೆಯವರು ಭೌತವಿಜ್ಞಾನಿ. ವೈದ್ಯನ ಪಕ್ಕದಲ್ಲಿ ಲೆಕ್ಕಿಗನೊಬ್ಬನು ಬಂದು ನಿಂತುದು ಈ ಚಿಕಿತ್ಸೆಯ ವಿಶೇಷ. ಇಂದು ಬಳಕೆಯಲ್ಲಿರುವ ಗ್ರೇ ಎಂಬ ಅಳತೆ, ಆಮ್ಲಜನಕದ ಪರಿಣಾಮವನ್ನು ಶೋಧಿಸಿದ ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಗ್ರೇ ಅವರ ಹೆಸರಿನದು. ನಮ್ಮ ರೈತರ ಪತ್ನಿಯಂಥವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಗ್ರೇ, ವಾರಕ್ಕೆ ಐದು ದಿನ, ಒಟ್ಟು ಅರುವತ್ತು ಎಪ್ಪತ್ತು ಗ್ರೇ.

ಯುದ್ಧಾನಂತರ ಅಣುವಿಜ್ಞಾನವು ರೇಡಿಯಮ್ಮನ್ನು ಮೂಲೆಗೆ ತಳ್ಳಿತು. ಕೆನಡಾದ ಅಣುಸ್ಥಾವರದಲ್ಲಿ ಕೋಬಾಲ್ಟ್ ಲೋಹವನ್ನು ವಿಕಿರಣಶೀಲವಾಗಿ ಮಾಡಿ, ೧೯೫೧ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಆ ದೇಶದ ಎರಡು ಊರುಗಳಲ್ಲಿ ರೋಗಿಗಳಿಗೆ ಚಿಕಿತ್ಸೆಯನ್ನಾರಂಭಿಸಿದರು. ಒಂದು ಗ್ರಾಂ ರೇಡಿಯಮ್ಮಿನ ವಿಕಿರಣಶಕ್ತಿಗೆ ಒಂದು ಕ್ಯೂರಿಯೆಂದು ಹೆಸರಿಟ್ಟಿದ್ದರು. ಈ ಕೋಬಾಲ್ಟ್ ತುಂಡು ಸುಮಾರು ಒಂದು ಸಾವಿರ ಕ್ಯೂರಿಯದು! ಅಮೆರಿಕದ ಸ್ತ್ರೀಯರು ಚಂದಾ ಎತ್ತಿದ ಒಂದು ಗ್ರಾಮನ್ನು ಇಲ್ಲಿ ನೆನೆಯಬೇಕು. ಕೋಬಾಲ್ಟಿನ ಕಿರಣಕ್ಕೆ ಇನ್ನೊಂದು ಗುಣವಿದ್ದಿತು. ಅದರ ಪೂರ್ಣಬಲ ಚರ್ಮದ ಮೇಲೆ ಬೀಳದೆ, ಅರ್ಧ ಸೆಂಟಿಮೀಟರಿನಷ್ಟು ಒಳಗೆ ಬೀಳುತ್ತದೆ. ಚರ್ಮ ಉಳಿಯಿತೆಂದು ಸಂತೋಷಪಡಬಹುದು. ಆದರೆ ಹಳೆಯ ವೈದ್ಯರಿಗೆ ಎಚ್ಚರಿಕೆ ಹೇಳುತ್ತಿದ್ದ ಆ ಕೆಂಪೂ ಅದರೊಡನೆ ಮಾಯವಾಯಿತು. ಒಳಗಿನ ಅಂಗಕ್ಕೆ ಆದ ಗಾಯ ವರ್ಷಗಳ ನಂತರ ಕಾಣಿಸಬಹುದು. ಆದುದರಿಂದ ಲೆಕ್ಕದ ಮೇಲೆಯೇ ಸಂಪೂರ್ಣವಾಗಿ ಭಾರ ಹಾಕಬೇಕಾಯಿತು. ೧೯೫೩ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ವಿದ್ಯುತ್ಕಣಗಳ ವೇಗವನ್ನು ಹೆಚ್ಚಿಸಿ ಕಿರಣವನ್ನು ಹುಟ್ಟಿಸುವ ಯಂತ್ರ ಚಿಕಿತ್ಸೆಗೆ ಬಂದಿತು. ದೊಡ್ಡ ಆಸ್ಪತ್ರೆಗಳಲ್ಲಿ ಇಂದು ಕಾಣುವ ಯಂತ್ರಗಳು ಬಹುಪಾಲು ಈ ಜಾತಿಯವು.

ನಮ್ಮ ದೇಶದ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಹೋರ್ಮಸ್‌ಜಿ ಭಾಭಾ ಎಂಬ ಪಾರ್ಸಿ ಮಹನೀಯರು. ಅವರ ಮಗಳು ಮೆಹರ್‌ಬಾಯಿ ಬೆಂಗಳೂರಿನಲ್ಲಿ ಓದಿ ಬೆಳೆದವರು. ೧೮೯೮ರಲ್ಲಿ ದೊರಾಬ್‌ಜಿ ಟಾಟಾ ಅವರ ಕೈಹಿಡಿದರು. ೧೯೩೦ರ ದಶಕದ ಮೊದಲಲ್ಲಿ ಮೆಹರ್‌ಬಾಯಿಯವರು ರಕ್ತದ ಕ್ಯಾನ್ಸರಿನಿಂದ ವಿದೇಶದಲ್ಲಿ ತೀರಿಕೊಂಡರು. ಇಂಥ ರೋಗಕ್ಕೆ ಸ್ವದೇಶದಲ್ಲಿಯೇ ಚಿಕಿತ್ಸೆ ದೊರೆಯಬೇಕೆಂದು ದೊರಾಬ್‌ಜಿಯವರು ಬಯಸಿದರು. ೧೯೩೨ರಲ್ಲಿ ಅವರೂ ಕಣ್ಮುಚ್ಚಿದರು. ಅವರ ಬಯಕೆಯ ಫಲವಾಗಿ ೧೯೪೧ರ ಫೆಬ್ರವರಿ ೨೮ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಮೆಹರ್‌ಬಾಯಿಯವರ ಸೋದರನ ಮಗನೇ, ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸಂಶೋಧನೆ ನಡೆಸಿದ ಹೋಮಿ ಭಾಭಾ. ಅಣುಶಕ್ತಿ ಇಲಾಖೆಗೆ ಅವರು ಮುಖ್ಯಸ್ಥರಾಗಿದ್ದಾಗ, ೧೯೬೨ರಲ್ಲಿ, ಆ ಆಸ್ಪತ್ರೆ ಇಲಾಖೆಯ ಆಡಳಿತಕ್ಕೆ ಸೇರಿತು. ಇದರಲ್ಲಿ ಬಂಧುಪ್ರೇಮಕ್ಕಿಂತ ದೂರದೃಷ್ಟಿಯನ್ನು ಕಾಣಬೇಕು: ಕಿರಣದ ಚಿಕಿತ್ಸೆ ಅಣುವಿಜ್ಞಾನಿಗಳ ನೆರಳಿನಲ್ಲಿ ಬೆಳೆಯಬೇಕೆಂಬುದು ಅವರ ನಿಲುವು. ಅವರ ಹೆಸರಿನ ಸಂಶೋಧನಾ ಕೇಂದ್ರದವರು ಈ ಶತಮಾನದ ಮೊದಲ ದಶಕದಲ್ಲಿ, ವಿದೇಶದ ಯಂತ್ರಗಳಿಗಿಂತ ಕಡಮೆ ಬೆಲೆಗೆ, ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ರೂಪಿಸಿದರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಸ್ಥಾಪಿತವಾಯಿತು.

ಇನ್ನು ರೈತರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ದೂರದ ಹಳ್ಳಿಯಿಂದ ಬಂದು ಆರು ವಾರ ಪಟ್ಟಣದ ಛತ್ರದಲ್ಲಿರುವುದೆಂದರೆ ಒಂದು ಬೆಳೆ ಹೋದ ಹಾಗೆ. ಅರ್ಧದಲ್ಲೇ ಊರಿಗೆ ಹಿಂದಿರುಗುವವರು ಹೃದಯಹೀನರಲ್ಲ, ಹಣಹೀನರು. ಆದರೆ ಬಾಯಿ, ಗಂಟಲುಗಳ ಕ್ಯಾನ್ಸರಿನಲ್ಲಿ ನಡುವೆ ಬಿಟ್ಟ ದಿನಗಳು ಬಹಳ ದುಬಾರಿ. ಉಳಿದ ಕಣಗಳು ಆ ದಿನಗಳಲ್ಲಿ ಮೊದಲಿಗಿಂತ ವೇಗವಾಗಿ ಹೆಚ್ಚುತ್ತವೆ. ಸುಶ್ರುತ ಸಂಹಿತೆಯ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ವೈದ್ಯರೂ ಈ ಕಷ್ಟವನ್ನು ಕಾಣದವರಲ್ಲ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಇಪ್ಪತ್ತೈದು ದಿನ ಕೊಡುತ್ತಿದ್ದ ಕಿರಣವನ್ನು ಹದಿನೈದು ದಿನಕ್ಕೆ ಇಳಿಸಿದರು. ಇಂಗ್ಲೆಂಡಿನಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಐದೇ ದಿನಗಳ ಚಿಕಿತ್ಸೆ ಹದಿನೈದು ದಿನಗಳದ್ದಕ್ಕೆ ಕಡಮೆಯಾಗಲಿಲ್ಲವೆಂದು ಐದು ವರ್ಷಗಳ ಫಲವನ್ನು ನೋಡಿ ತಿಳಿದುಕೊಂಡರು. ಎಲ್ಲ ಅಂಗಗಳ ಕ್ಯಾನ್ಸರೂ ಒಂದೇ ಸ್ವಭಾವದವಲ್ಲ. ಎಲ್ಲಿ ಕಡಮೆ ಮಾಡಬಹುದು, ಎಲ್ಲಿ ಮಾಡಬಾರದೆಂಬ ಶೋಧನೆ ಇನ್ನೂ ನಡೆದೇ ಇದೆ.

ಇಷ್ಟನ್ನು ಓದಿಕೊಂಡಮೇಲೆ ಒಂದು ದಿನ ಮತ್ತೆ ಆ ಬೆಂಚಿನ ಮೇಲೆ ಕುಳಿತು ನಾನು ಹೇಳಿದೆ: “ಯಜಮಾನರೆ, ಇಲ್ಲಿ ಕಳೆಯೂ ಪೈರೂ ಒಂದೇ ಸಾಲಿನಲ್ಲಿ ಹೆಣೆದುಕೊಂಡು ನಿಂತಿವೆ. ಬೆಂಕಿ ಎರಡಕ್ಕೂ ತಾಗುತ್ತದೆ. ಸ್ವಲ್ಪ ತಾಗಿಸಿ ಬಿಟ್ಟರೆ ಮಾರನೆಯ ದಿನಕ್ಕೆ ಪೈರು ತಲೆಯೆತ್ತುತ್ತದೆ, ಕಳೆ ಅಷ್ಟಾಗಿ ಎತ್ತಲಾರದು.” ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಹಂಗಾದರೆ ಪೈರು ಸುಧಾರಿಸಿಕೊಳ್ಳಲಿ ಅಂತ ರಾತ್ರಿ ಬಿಡ್ತಾರೆ ಅನ್ನಿ” ಎಂದರು.

ಅದು ಅವರ ಪತ್ನಿಗೆ ಇಪ್ಪತ್ತೆರಡನೆಯ ದಿನ. ಆಕೆಯ ಬಾಯಿಯೆಲ್ಲ ಹುಣ್ಣಾಗಿ, ಮಜ್ಜಿಗೆಯಲ್ಲಿ ಕದಡಿದ ಗಂಜಿ ಮಾತ್ರ ಇಳಿಯುತ್ತಿದ್ದಿತು. ಒಳಗಿನಿಂದ ಹೆಸರು ಕೂಗಿದಾಗ ಯಜಮಾನರು ಎದ್ದು ಆಕೆಯ ತೋಳನ್ನು ಹಿಡಿದುಕೊಂಡರು. ಕಬ್ಬಿನ ವಿಷಯ ಏನಾಯಿತೆಂದು ನಾನು ಕೇಳಿದೆ. “ತಮ್ಮನಿಗೆ ಒಪ್ಪಿಸಿದೀನಿ ಸ್ವಾಮಿ” ಎಂದರು, “ಇನ್ನು ಎಂಟು ದಿವಸ.”